ಮೊರದ ಮೇಲಿನ ೧೪೨೮೫೭

ಸುಮಾ, ಪ್ರದೀಪ, ನಿಮ್ಮಜ್ಜಿ ಲೆಕ್ಕದಲ್ಲಿ ಜಾಣೆಯಾಗಿದ್ದಳು ಎಂದರೆ ನೀವು ನಗುತ್ತೀರಿ. ಅದಕ್ಕೇ ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ಬೆಸಗರಹಳ್ಳಿ ಕಡೆಯ ನಮ್ಮೂರಿನಲ್ಲಿ ಆಗೆಲ್ಲ ಹುಡುಗಿ ದೊಡ್ಡವಳಾದರೆ ಸೋದರಮಾವ ಅಂಗಳದಲ್ಲಿ ಹಸಿ ತೆಂಗಿನ ಗರಿಯ ಗುಡ್ಲು ಹಾಕುತ್ತಿದ್ದರು. ಒಂಬತ್ತು ದಿನ ಅದರೊಳಗೇ ಇರಬೇಕು. ಬಾಗಿಲಿಗೆ ಅಡ್ಡ ಒಂದು ಒನಕೆ.

ನಾನು ಗುಡ್ಲು ಸೇರುವ ಹಿಂದಿನ ದಿನ ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಮೇಲೆ ೧೪೨೮೫೭ ಎಂದು ಬರೆದಿದ್ದರು. ಎರಡರಿಂದ ಗುಣಿಸಿದರೆ ೨೮೫೭೧೪. ಮೂರರಿಂದ ೪೨೮೫೭೧. ಆರರವರೆಗೂ ಅವೇ ಅಂಕಿಗಳು, ಅದೇ ಸಾಲಿನಲ್ಲಿ ಸುತ್ತುತ್ತವೆ.

"ಯಾಕೆ ಸುತ್ತುತ್ತೆ ಅಂತ ಬಿಡಿಸಿ ತಂದೋರನ್ನ ಮದ್ದೂರಿನ ಮಿಡ್ಲ್ ಸ್ಕೂಲಿಗೆ ಕಳಿಸಿ ಅಂತ ನಾನೇ ಅವರಪ್ಪನ್ನ ಕೇಳ್ತೀನಿ," ಎಂದಿದ್ದರು.

ಗುಡ್ಲೊಳಗೆ ಸೆಕೆ, ಬಾಡುವ ಗರಿಯ ವಾಸನೆ. ಹೊರಗೆ ಗೆಳತಿಯರು ಕುಂಟೆಬಿಲ್ಲೆ ಆಡುವ ಸದ್ದು. ಅವ್ವ ಒನಕೆಯಾಚೆಯಿಂದಲೇ ನನ್ನ ಹಳೆಯ ಮೊರಕ್ಕೆ ಚಿಗಳಿ ಉಂಡೆ, ಕೊಬ್ಬರಿ ಹಾಕುತ್ತಿದ್ದಳು. ದೃಷ್ಟಿ ತಾಕದಿರಲೆಂದು ಜೊತೆಗೊಂದು ಇದ್ದಿಲ ಚೂರು. ಆ ಇದ್ದಿಲೇ ನನ್ನ ಬಳಪ, ಸಗಣಿ ಸಾರಿಸಿದ ಮೊರವೇ ಸ್ಲೇಟು.

ಏಳರಿಂದ ಗುಣಿಸಿದೆ: ೯೯೯೯೯೯. ಸುತ್ತು ಮುರಿದಿತ್ತು! ಹಾಗಾದರೆ ಗುಟ್ಟು ಏಳರಲ್ಲೇ ಇರಬೇಕು ಎಂದು, ಒಂದರ ಮುಂದೆ ಸೊನ್ನೆ ಇಡುತ್ತಾ ಏಳರಿಂದ ಭಾಗಿಸಿದೆ. ಅವೇ ಅಂಕಿಗಳು ಒಂದೊಂದಾಗಿ ಬಂದವು. ಶೇಷ ಮಾತ್ರ ಮೂರು, ಎರಡು, ಆರು, ನಾಲ್ಕು, ಐದು, ಕೊನೆಗೆ ಮತ್ತೆ ಒಂದು. ಹೊರಟಲ್ಲಿಗೇ ಬಂದ ಮೇಲೆ ಸುತ್ತದೆ ಇನ್ನೇನು ಮಾಡೀತು? ಎರಡರಿಂದ ಹೊರಟರೂ ಅದೇ ದಾರಿ, ನಡುವಿನಿಂದ ಶುರು, ಅಷ್ಟೇ.

ಗೆಳತಿ ಕೆಂಪಿ ಬಂದು ನಿಂತಳು. "ಬಾಯ್ನಲ್ಲೇ ಯೋಳಮ್ಮಿ, ಮೇಷ್ಟ್ರಿಗೆ ನಾನ್ ಯೋಳ್ತೀನಿ."

ಹೇಳಿದೆ.

"ಅಯ್ಯೋ, ನನ್ ತಲೆಗೆ ಅತ್ತಕಿಲ್ಲ ಕಣೇ. ಮೊರನೇ ಕೊಟ್ಬುಡು, ಓಯ್ತೀನಿ."

ಆದರೆ ಗುಡ್ಲೊಳಗಿನದನ್ನು ಯಾರೂ ಮುಟ್ಟುವಂತಿರಲಿಲ್ಲ. ನನಗೆ ನೀರು ಹಾಕುವ ದಿನ ಕೊಡುತ್ತೇನೆ ಎಂದೆ. ಉಳಿದ ದಿನಗಳೆಲ್ಲ ಅಂಕಿ ಅಳಿಸೀತೆಂದು ಮೊರದ ಮೇಲೆ ಉಂಡೆಯನ್ನೂ ಇಡಿಸಿಕೊಳ್ಳಲಿಲ್ಲ.

ಒಂಬತ್ತನೆಯ ದಿನ ನನ್ನ ಸ್ನಾನ ಮುಗಿಯುವಷ್ಟರಲ್ಲಿ ಮಾವ ಪದ್ಧತಿಯಂತೆ ಗುಡ್ಲಿಗೆ ಬೆಂಕಿ ಇಟ್ಟಿದ್ದರು. ಅದನ್ನು ಸುಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

"ಮಾವ, ನನ್ ಮೊರ!"

"ಆ ಮೈಲ್ಗೆ ಮೊರ ಯಾಕ್ ಬುಡಮ್ಮಿ! ಒಸಾದು ತಂದ್ಕೊಡ್ತೀನಿ," ಎಂದು ಮಾವ ನಕ್ಕರು.

ಲೆಕ್ಕವೇನೋ ತಲೆಯಲ್ಲಿತ್ತು. ಮೇಷ್ಟ್ರನ್ನು ಕಂಡು ಬರುತ್ತೇನೆ ಎಂದು ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ದೊಡ್ಡವಳಾದವಳಿಗೆ ಇನ್ನು ಶಾಲೆ ಯಾಕೆಂದು ನನ್ನ ಸ್ಲೇಟನ್ನು ಆಗಲೇ ಕೆಂಪಿಯ ತಂಗಿಗೆ ಕೊಟ್ಟುಬಿಟ್ಟಿದ್ದರು.

ಆ ಮಾವನೇ ಮುಂದೆ ನಿಮ್ಮ ತಾತನಾದರು. ಒಳ್ಳೆಯವರು, ಹೊಸ ಮೊರ ತಂದೂ ಕೊಟ್ಟರು. ಅಂಥ ಎಷ್ಟೋ ಮೊರಗಳಲ್ಲಿ ರಾಗಿ ಕೇರಿದ್ದೇನೆ, ಮನಸ್ಸಿನಲ್ಲೇ ಮೂರು, ಎರಡು, ಆರು ಎನ್ನುತ್ತಾ. ಅವರಿಗೂ ಹೇಳಲಿಲ್ಲ. ಈಗ ಅವರಿಲ್ಲ, ಮೇಷ್ಟ್ರಿಲ್ಲ, ಅಂಗಳದಲ್ಲಿ ಗುಡ್ಲು ಹಾಕುವವರೂ ಇಲ್ಲ. ಮದ್ದೂರಿನ ಆ ಶಾಲೆಯ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ; ಒಳಗೆ ಹೇಗಿದೆಯೋ ಗೊತ್ತಿಲ್ಲ.

ಮೇಷ್ಟ್ರಿಗೆ ಕೊಡಬೇಕಾಗಿದ್ದ ಉತ್ತರ ಮೇಲೆ ಬರೆದಿದೆ. ನಾನು ಹೋದ ಮೇಲೆ ನನ್ನ ಹಳೆಯ ಬಟ್ಟೆಬರೆಯನ್ನೆಲ್ಲ ನೀವು ಸುಡಬಹುದು. ಈ ಹಾಳೆಗಳನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ, ಮಕ್ಕಳೇ.