ಹೊಸ ಹಗ್ಗಕ್ಕೊಂದು ಗಂಟು

ಮಾರುಕಟ್ಟೆಯ ಕಲ್ಲುಹಾಸಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಸಂತ ಗಾಲಸನ ಚರ್ಚಿನ ಗೋಪುರದ ಬುಡದಲ್ಲಿ ಅಪೊಲೋನಿಯಾ ಶ್ನೆಟ್ಸರ್ ಹಗ್ಗ ಹಿಡಿದು ನಿಂತಿದ್ದಾರೆ. ಅಂಗೈ ಉಜ್ಜಿಹೋಗದಿರಲಿ ಎಂದು ಎರಡೂ ಕೈಗೆ ಸತ್ತ ಗಂಡನ ಉಣ್ಣೆಯ ಕಾಲುಚೀಲ. ಮೈಭಾರವೆಲ್ಲ ಬಿಟ್ಟು ಒಮ್ಮೆ ಜಗ್ಗುತ್ತಾರೆ. ಹಗ್ಗ ತೂರಿಬರುವ ತಲೆಯ ಮೇಲಿನ ಹಲಗೆಗೆ ಏನೋ ಧಡ್ ಎಂದು ಬಡಿಯುತ್ತದೆ. ಗಂಟೆ ಅರ್ಧ ಬಾಯಿ ತೆರೆದು ಸುಮ್ಮನಾಗುತ್ತದೆ.

"ಬಡಕೊಳ್ತು ನೋಡಿ," ಎನ್ನುತ್ತಾರೆ ಪ್ಲೋನಿ ಅತ್ತೆ. ಊರಿಗೆಲ್ಲ ಅವರು ಅತ್ತೆಯೇ. "ಎಲ್ಲಾದ್ರೂ ಗಂಟು ಬೀಳ್ಲಿ ಅಂದ್ರೆ ಸರಿಯಾಗಿ ಹಲಗೆ ತೂತಿನ ಹತ್ರಾನೇ ಬಿದ್ದಿದೆ. ನಮ್ಮೂರಲ್ಲಿ ಏನು ಬಿದ್ರೂ ನಡುವೇನೇ."

ಹಗ್ಗ ಹೊಸದು. ನಾರಿನ ಪರಿಮಳ ಕೂಡ ಹೋಗಿಲ್ಲ. ಆದರೂ ಅದರ ನಡುವೆ ಮುಷ್ಟಿ ಗಾತ್ರದ ಗಂಟು. ಅತ್ತೆ ಹಗ್ಗವನ್ನು ಒಂದಿಷ್ಟು ಓರೆಗೆ ಎಳೆದು, ಹಲ್ಲು ಕಚ್ಚಿ, ಗಂಟನ್ನು ತೂತಿನಲ್ಲಿ ತೂರಿಸುತ್ತಾರೆ. ಈಗ ಗಂಟೆ ನುಡಿಯುತ್ತದೆ. ಅವರ ಬಲಭುಜ ಇನ್ನೂ ಊದಿಕೊಂಡಿದೆ. ಹೊಚ್ಚಹೊಸ ಹಗ್ಗಕ್ಕೆ ಈ ಗಂಟು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ರೀಡ್‌ಬಾಖ್ ಊರಿನ ಹಣೆಬರಹವನ್ನೇ ಹೇಳಬೇಕಾಗುತ್ತದೆ.

ಕ್ರೈಸ್ತರ ಎರಡು ಪಂಗಡಗಳ ನಡುವಿನ ದೊಡ್ಡ ಯುದ್ಧ ಮುಗಿದು ಸಂಧಿಯಾದಾಗ ಈ ಊರಿನಲ್ಲಿ ಸಮಪಾಲು ಎಂದು ತೀರ್ಮಾನವಾಯಿತು. ಪೋಪರ ಕಡೆಯವರಿಗೆ ಅರ್ಧ, ಲೂಥರ್ ಕಡೆಯವರಿಗೆ ಅರ್ಧ. ಅಂದಿನಿಂದ ಮೇಯರ್ ಇಬ್ಬರು, ಸೂಲಗಿತ್ತಿಯರು ಇಬ್ಬರು. ಊರಿನ ಉತ್ತರದ ಬಾಗಿಲಿಗೆ ಎರಡು ಬೀಗ. ಒಬ್ಬ ಕಾವಲುಗಾರ ಮಲಗಿಬಿಟ್ಟರೆ ಇನ್ನೊಬ್ಬ ಎಚ್ಚರವಿದ್ದೂ ಹಾಲಿನ ಗಾಡಿ ಹೊರಗೇ. ಚರ್ಚು ಮಾತ್ರ ಒಂದೇ, ಅದರ ಗಂಟೆಯೂ ಒಂದೇ. ಇನ್ನೊಂದು ಗಂಟೆ ಇತ್ತು, ಯುದ್ಧದಲ್ಲಿ ಕರಗಿ ಫಿರಂಗಿಯಾಯಿತು. ಉಳಿದದ್ದು ಮತಗಳು ಒಡೆಯುವ ಮೊದಲೇ ಎರಕ ಹೊಯ್ದದ್ದು. ಹಾಗಾಗಿ ಅದು ಇಬ್ಬರದ್ದೂ, ಅಂದರೆ ಅದರ ಯೋಗಕ್ಷೇಮ ಯಾರದ್ದೂ ಅಲ್ಲ. ನಾನು ಯಾವ ಕಡೆಯವನೆಂದು ಓದುಗರು ಕೇಳಬಾರದು. ಈ ಶನಿವಾರದ ಪತ್ರಿಕೆ ಎರಡೂ ಕಡೆಯ ಮನೆಗಳಿಗೆ ಹೋಗುತ್ತದೆ.

ಭಾನುವಾರ ಅತ್ತೆಗೆ ಕೂರಲು ಪುರುಸೊತ್ತಿಲ್ಲ. ಬೆಳಗ್ಗೆ ಮೊದಲು ಲೂಥರ್ ಕಡೆಯವರ ಪ್ರಾರ್ಥನೆ. ಅವರಿಗೆ ಸಂತರ ಮೂರ್ತಿಗಳು ಕಣ್ಣಿಗೆ ಬೀಳಬಾರದು, ಆದ್ದರಿಂದ ಗೋಡೆಯುದ್ದಕ್ಕೂ ಪರದೆ ಎಳೆಯಬೇಕು. ಆಮೇಲೆ ಪೋಪರ ಕಡೆಯವರ ಪೂಜೆ. ಪರದೆ ಸರಿಸಿ, ಮೇಣದಬತ್ತಿ ಹಚ್ಚಿ, ಸಾಂಬ್ರಾಣಿಗೆ ಕೆಂಡ ಸಿದ್ಧಮಾಡಬೇಕು. ಲೂಥರ್ ಕಡೆಯ ಪಾಸ್ಟರು ಉಪದೇಶದ ಭರದಲ್ಲಿ ಮರಳುಗಡಿಯಾರವನ್ನು ಇನ್ನೊಮ್ಮೆ ತಿರುಗಿಸಿ ಇಟ್ಟರೋ, ಹೊರಗೆ ಶಿಲುಬೆ ಹೊತ್ತು ನಿಂತವರು ಬಾಗಿಲು ಗುದ್ದತೊಡಗುತ್ತಾರೆ. ಆಗ ಅತ್ತೆ ಒರೆಸುವ ಬಟ್ಟೆ ಹಿಡಿದು ಪೀಠದ ಕೆಳಗೆ ನಿಂತು ಗಟ್ಟಿಯಾಗಿ ಕೆಮ್ಮುತ್ತಾರೆ.

"ಸಂತ ಕ್ರಿಸ್ಟೋಫರ್ ಎತ್ತರದ ಆಳು. ಪರದೆ ಎಳೆದ್ರೂ ಪಾದ ಎರಡು ಆಚೆ ಇಣುಕ್ತವೆ," ಎನ್ನುತ್ತಾರೆ. "ಅದಕ್ಕೂ ದೂರು! ಪಾದ ನೋಡಿ ಭಕ್ತಿ ಕೆಡ್ತದಂತೆ. ನೀವು ಪಾಸ್ಟರ ಮುಖ ನೋಡಿ, ಪಾದ ಯಾಕ್ ನೋಡ್ತೀರಿ ಅಂದೆ. ಒಬ್ರಿಗೆ ಸಾಂಬ್ರಾಣಿ ವಾಸನೆ ಉಳೀಬಾರ್ದು, ಇನ್ನೊಬ್ರಿಗೆ ಸಾಂಬ್ರಾಣಿ ಸಾಲ್ದು. ಹೊಗೆಗೆ ಎದ್ದು ಹೋಗು ಅಂತ ನಾನು ಹೇಗ್ರೀ ಹೇಳ್ಲಿ?"

ಕ್ರಿಸ್‌ಮಸ್ ಎರಡು ಸಲ, ಈಸ್ಟರ್ ಎರಡು ಸಲ. ಪೋಪರು ಪಂಚಾಂಗ ತಿದ್ದಿದ್ದನ್ನು ಲೂಥರ್ ಕಡೆಯವರು ಇವತ್ತಿಗೂ ಒಪ್ಪಿಲ್ಲ. ಹಾಗಾಗಿ ಒಂದೇ ಬೀದಿಯಲ್ಲಿ ಎದುರುಬದುರು ಮನೆಗಳ ನಡುವೆ ಹತ್ತು ದಿನದ ಅಂತರ. ಇವರು ಬಾತುಕೋಳಿ ಹುರಿದು ತಿನ್ನುವಾಗ ಅವರು ಉಪವಾಸ. ಬೇಕಂತಲೇ ಕಿಟಕಿ ತೆರೆದಿಟ್ಟು ಹುರಿಯುವ ಮಹಾಶಯರೂ ಇದ್ದಾರೆ.

ಪ್ಲೋನಿ ಅತ್ತೆ ಹುಟ್ಟಿದ್ದು ಲೂಥರ್ ಕಡೆಯ ಚರ್ಮ ಹದಮಾಡುವವರ ಮನೆಯಲ್ಲಿ. ಕೈಹಿಡಿದದ್ದು ಪೋಪರ ಕಡೆಯ ಗಂಟೆಯಾಳು ಫೈಟ್ ಶ್ನೆಟ್ಸರನನ್ನು. ಮದುವೆಯ ಊಟಕ್ಕೆ ಎರಡು ಮನೆಯಿಂದಲೂ ಒಂದು ನರಪಿಳ್ಳೆಯೂ ಬರಲಿಲ್ಲ. "ಒಳ್ಳೇದೇ ಆಯ್ತು. ಹುಳಿ ಕೋಸು, ಸಾಸೇಜು, ಎಲ್ಲಾ ನಾವೇ ತಿಂದ್ವಿ. ನಮ್ಮ ಫೈಟ್ ಬಿಯರಿನ ಪೀಪಾಯಿ ತಬ್ಬಿಕೊಂಡು, ಇದೊಂದಾದ್ರೂ ನನ್ನ ಕಡೆಯದ್ದು ಅಂತಿದ್ದ," ಎಂದು ನಗುತ್ತಾರೆ. ಫೈಟ್ ತೀರಿಕೊಂಡಾಗ ಹಗ್ಗ ಯಾರ ಕೈಗೆ ಎಂಬ ಪ್ರಶ್ನೆ ಎದ್ದಿತು. ಅವರ ಕಡೆಯ ಗಂಡಸನ್ನು ಇವರು ಒಪ್ಪಲಿಲ್ಲ, ಇವರ ಕಡೆಯವನನ್ನು ಅವರು ಒಪ್ಪಲಿಲ್ಲ. ಅರ್ಧ ಆ ಕಡೆ ಅರ್ಧ ಈ ಕಡೆ ಇದ್ದವರು ಊರಿನಲ್ಲಿ ಅತ್ತೆಯೊಬ್ಬರೇ. ಕೆಲಸದ ಜೊತೆಗೆ ಗೋಪುರದ ಮೆಟ್ಟಿಲ ಪಕ್ಕದ ಕೋಣೆಯೂ ಸಿಕ್ಕಿತು. ಅವರಿಗಿರುವ ಸೂರು ಅದೊಂದೇ.

ಹಳೆಯ ಹಗ್ಗ ಫೈಟ್‌ನ ಕಾಲದ್ದು. ನಡುವೆ ಎಳೆ ಬಿಚ್ಚಿ ಸವೆದ ಪೊರಕೆಯ ಹಾಗೆ ಆಗಿತ್ತು. ಹೊಸ ಹಗ್ಗ ಕೊಡಿಸಿ ಎಂದು ಅತ್ತೆ ಇಬ್ಬರು ಮೇಯರುಗಳ ಮನೆಗೂ ಅಲೆದರು. ಪೋಪರ ಕಡೆಯ ಗ್ರೇಟರ್ ಯಜಮಾನರು, ಲೂಥರ್ ಕಡೆಯ ಬ್ರೆಂಡ್ಲೆ ಯಜಮಾನರು, ಇಬ್ಬರೂ ಸಜ್ಜನರೇ. ಬೇರೆ ಬೇರೆಯಾಗಿ ಕೂರಿಸಿದರೆ ಅವರಷ್ಟು ನ್ಯಾಯವಂತರು ಬೇರೆ ಯಾರೂ ಇಲ್ಲ. ಏಪ್ರಿಲಿನಲ್ಲಿ ಚರ್ಚಿನ ಒಳಕೋಣೆಯಲ್ಲಿ ಸಭೆ ಎಂದು ತೀರ್ಮಾನವಾಯಿತು. ನಮ್ಮಲ್ಲಿ ಯಾವ ಕಾಗದಕ್ಕೂ ಎರಡು ತಾರೀಖು, ಒಂದರ ಮೇಲೊಂದು. ಯಾರ ತಾರೀಖು ಮೇಲೆ ಬರಬೇಕೆಂದು ಅಂದೂ ಜಗಳ ಹತ್ತಿತು. ರೋಸಿಹೋದ ಗುಮಾಸ್ತ ಎರಡೂ ಬೇಡವೆಂದು ಬರೀ 'ಇಪ್ಪತ್ತನೆಯ ತಾರೀಖು' ಎಂದು ಬರೆದು ಇಬ್ಬರಿಗೂ ಕಳಿಸಿಬಿಟ್ಟ.

ಗ್ರೇಟರ್ ಕಡೆಯವರು ತಮ್ಮ ಇಪ್ಪತ್ತಕ್ಕೆ ಬಂದು ಕೂತರು. ಆ ಕಡೆಯವರ ಸುಳಿವಿಲ್ಲ. ಕಾದು ಕಾದು, ಬೇಕಂತಲೇ ಅವಮಾನ ಮಾಡಿದ್ದಾರೆ ಎಂದು ಎದ್ದು ಹೋದರು. ಹತ್ತು ದಿನದ ಮೇಲೆ ಬ್ರೆಂಡ್ಲೆ ಕಡೆಯವರು ತಮ್ಮ ಇಪ್ಪತ್ತಕ್ಕೆ ಬಂದು ಕೂತರು. ಅವರೂ ಕಾದರು, ಅದೇ ಮಾತಾಡಿದರು, ಎದ್ದು ಹೋದರು.

"ಎರಡು ಸಲಾನೂ ಒಲೆ ಹಚ್ಚಿದವಳು ನಾನು," ಎನ್ನುವಾಗ ಅತ್ತೆಯ ದನಿ ಏರುತ್ತದೆ. "ಅಲ್ಲಾ, ಮೊದಲ್ನೇ ಸಲಾನೇ ಹೇಳ್ದೆ, 'ಯಜಮಾನ್ರೇ, ಅವ್ರ ಇಪ್ಪತ್ತು ಇನ್ನೂ ಬಂದಿಲ್ಲ' ಅಂತ. ಗ್ರೇಟರ್ ಯಜಮಾನ್ರು ಏನಂದ್ರು ಗೊತ್ತಾ? 'ಅವರದ್ದೊಂದು ಇಪ್ಪತ್ತು ಇದೆ ಅಂತ ನಾವು ಒಪ್ಪಿಕೊಂಡ್ರೆ ತಾನೆ ಬರೋದು!' ಆ ಕಡೆಯವ್ರಿಗೆ ಹೇಳಿದ್ರೆ, 'ಪೋಪ್ ಕೊಟ್ಟ ತಾರೀಖಿಗೆ ನಾವು ಬರ್ಬೇಕಿತ್ತೇನಮ್ಮಾ?' ಅಂದ್ರು. ಹಗ್ಗದ ಮಾತು ಯಾರೂ ಎತ್ಲಿಲ್ಲ ಕಣ್ರೀ."

ಬಾರ್ಲಿ ತೆನೆ ಕಟ್ಟಿದ ಹೊತ್ತಿಗೆ ಒಂದು ಮಧ್ಯಾಹ್ನ ಪಶ್ಚಿಮದಲ್ಲಿ ಮೋಡ ಕಪ್ಪಾಯಿತು. ಗಂಟೆ ಬಾರಿಸಿದರೆ ಆಲಿಕಲ್ಲಿನ ಮೋಡ ಒಡೆದು ಚದುರುತ್ತದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇದೆ. ಅದು ಮೂಢನಂಬಿಕೆ ಎಂದು ಪಾಸ್ಟರು ವರ್ಷಕ್ಕೊಮ್ಮೆಯಾದರೂ ಪೀಠದ ಮೇಲಿಂದ ಗದರುತ್ತಾರೆ. ಆದರೆ ಅಂದು ಗೋಪುರದ ಬಾಗಿಲಿಗೆ ಮೊದಲು ಓಡಿಬಂದವರು ಅವರ ಸಭೆಯವರೇ. ಅತ್ತೆ ಜಗ್ಗಿದರು. ಹಗ್ಗ ನಡುವೆ ಪಟ್ಟನೆ ಹರಿಯಿತು, ಅತ್ತೆ ಅಂಗಾತ ಬಿದ್ದರು. ಭುಜ ಹಿಡಿದುಕೊಂಡೇ ಮೆಟ್ಟಿಲು ಹತ್ತಿ, ತೊಲೆಯ ಮೇಲೆ ಕೂತು, ಎರಡೂ ಕಾಲಿನಿಂದ ಗಂಟೆಯನ್ನು ಒದ್ದು ಒದ್ದು ಬಾರಿಸಿದರು. ಆಲಿಕಲ್ಲು ಬಿದ್ದೇ ಬಿತ್ತು. ಯಾರ ಹೊಲ ಯಾವ ಕಡೆಯದ್ದೆಂದು ಅದು ವಿಚಾರಿಸಲಿಲ್ಲ.

ಹಗ್ಗ ಹರಿದದ್ದು ಸರಿಯಾಗಿ ನಡುವೆ. ಆದ್ದರಿಂದ ತಪ್ಪು ಯಾರ ಅರ್ಧದ್ದು ಎಂದು ಹೇಳಲು ಬರಲಿಲ್ಲ. ಹಾಗಾದರೆ ತಪ್ಪು ಗಂಟೆಯವಳದ್ದೇ ಎಂದು ಪುರಭವನದಲ್ಲಿ ಮಾತು ಬಂತು, ವಯಸ್ಸಾಯಿತು, ಬದಲಿಸೋಣ ಎಂದರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ವರ್ಷಗಳಿಂದ ಒಂದು ಮೊಳೆಯ ವಿಚಾರಕ್ಕೂ ಒಮ್ಮತಕ್ಕೆ ಬಾರದ ಸಭೆ ಅಂದು ಒಂದೇ ಸ್ವರದಲ್ಲಿ ಹೂಂ ಎಂದಿತು.

"ನನ್ನ ತೆಗೀಬೇಕು ಅಂದ್ರೂ ಇಬ್ರೂ ಒಪ್ಪಬೇಕು, ಅದಾಗೋ ಮಾತಲ್ಲ ಅಂತ ಧೈರ್ಯವಾಗಿದ್ದೆ. ಇದೊಂದ್ರಲ್ಲಿ ಒಪ್ಪಿಬಿಟ್ರು ನೋಡಿ," ಎನ್ನುತ್ತಾ ಅತ್ತೆ ಕಾಲುಚೀಲ ಕಳಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಕೋಣೆ ಬಿಟ್ಟು ನಾನೆಲ್ಲಿ ಹೋಗ್ಲಿ? ತವರಿನವ್ರ ಪಾಲಿಗೆ ಪೋಪ್ ಕಡೆಯವಳು. ಗಂಡನ ಮನೆಯವ್ರ ಪಾಲಿಗೆ ಲೂಥರ್ ಕಡೆಯವಳು."

ಬದಲಿಗೆ ಯಾರು ಎಂಬಲ್ಲಿ ಮತ್ತೆ ಜಗಳ ಬಿದ್ದಿದ್ದರಿಂದ ಸದ್ಯಕ್ಕೆ ಅತ್ತೆ ಉಳಿದಿದ್ದಾರೆ. ಪುರಭವನದವರು ಒಂದು ಷರತ್ತು ಹಾಕಿದ್ದಾರೆ: ಹೊಸ ಹಗ್ಗ ಕೊಡುತ್ತೇವೆ, ಈ ತಿಂಗಳ ಕೊನೆಯವರೆಗೆ ಗಂಟೆ ಒಮ್ಮೆಯೂ ತಪ್ಪದಿದ್ದರೆ ಕೆಲಸ ಇರುತ್ತದೆ, ತಪ್ಪಿದರೆ ಇಲ್ಲ. ಯಾರ ತಿಂಗಳು ಎಂದು ನಾನು ಇಬ್ಬರು ಮೇಯರುಗಳನ್ನೂ ಕೇಳಿದೆ. ಉತ್ತರ ಬಂದಿಲ್ಲ.

ಹಗ್ಗ ಬಂದದ್ದು ಸಮಪಾಲಿನ ನಿಯಮದಂತೆ. ಗ್ರೇಟರ್ ಕಡೆಯಿಂದ ಅರ್ಧ, ಬ್ರೆಂಡ್ಲೆ ಕಡೆಯಿಂದ ಅರ್ಧ. ಎರಡನ್ನೂ ನೆಲದ ಮೇಲೆ ಹಾಸಿ ನೋಡಿದಾಗ ಕತ್ತರಿಸಿದ ಎರಡು ತುದಿಗಳು ಒಂದಕ್ಕೊಂದು ಕಚ್ಚಿ ಕೂತವು. ಅನುಮಾನ ಬಂದು ಅತ್ತೆ ಕೆಳಪೇಟೆಯ ಹಗ್ಗ ಹೊಸೆಯುವ ಕಾಸ್ಪರ್‌ನ ಅಂಗಳಕ್ಕೆ ಹೋದರು. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಅವನ ಬಳಿಯೇ ಹೋಗಿದ್ದರು.

"ಇಡೀ ಹಗ್ಗ ಇದೆ, ಗೋಪುರದ ಅಳತೇಗೇ ಹೊಸೆದಿದೀನಿ, ತಗೊಳ್ಳಿ ಅಂದೆ ಅತ್ತೇ," ಎಂದನಂತೆ ಕಾಸ್ಪರ್. "ಇಬ್ರೂ ಅರ್ಧ ಸಾಕು ಅಂದ್ರು. ನಡುವೆ ಕುಯ್ದು ಕೊಟ್ಟೆ."

ಹೋಗಲಿ, ಎಳೆ ಬಿಚ್ಚಿ ಒಂದರೊಳಗೊಂದು ಹೆಣೆದು ಮೊದಲಿನಂತೆ ಮಾಡಿಕೊಡುತ್ತೇನೆ ಎಂದೂ ಅವನು ಹೇಳಿದ. ಪುರಭವನ ಬೇಡವೆಂದಿತು. ಹೆಣೆದರೆ ಯಾರ ಭಾಗ ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲವಲ್ಲ! ಗಂಟು ಹಾಕಿಯೇ ಕಟ್ಟಬೇಕು, ಕಣ್ಣಿಗೆ ಕಾಣುವಂತಿರಬೇಕು. ಗಂಟು ಹಿಡಿಯದಂತೆ ಹಲಗೆಯ ತೂತು ದೊಡ್ಡದು ಮಾಡೋಣವೆಂದರೆ ಹಲಗೆಯೂ ಇಬ್ಬರದ್ದು, ಅದಕ್ಕೆ ಬೇರೆ ಸಭೆ, ಬೇರೆ ತಾರೀಖು.

ಬೆಳಗಿನ ಎರಡೂ ಪ್ರಾರ್ಥನೆ ಮುಗಿದು ಚರ್ಚು ಬರಿದಾದ ಮೇಲೆ ಅತ್ತೆ ಮಂಚದ ಕೆಳಗಿನಿಂದ ಫೈಟ್‌ನ ಗರಗಸ ತೆಗೆಯುತ್ತಾರೆ. ಏಣಿ ಹಿಡಿದುಕೊಳ್ಳಿ ಎಂದು ನನಗೆ ಹೇಳಿ ಹತ್ತುತ್ತಾರೆ. ಮರದ ಹೊಟ್ಟು ನನ್ನ ತಲೆಯ ಮೇಲೆ ಉದುರುತ್ತದೆ. ಇದನ್ನು ಬರೆಯಬಹುದೇ ಎಂದು ಕೇಳುತ್ತೇನೆ.

"ಬರೀರಿ ಬರೀರಿ. ಯಾರ ಅರ್ಧ ಹಲಗೆ ಕುಯ್ದೆ ಅಂತ ತೀರ್ಮಾನ ಆಗೋಷ್ಟ್ರಲ್ಲಿ ನಾನು ಮಣ್ಣಾಗಿರ್ತೀನಿ."

ಇಳಿದು ಹೊಟ್ಟು ಗುಡಿಸುವಷ್ಟರಲ್ಲಿ ಗ್ರೇಟರ್ ಯಜಮಾನರು ಬಾಗಿಲಲ್ಲಿ ಇಣುಕುತ್ತಾರೆ. ಕತ್ತೆತ್ತಿ ಕತ್ತಲನ್ನು ನೋಡಿ ದನಿ ತಗ್ಗಿಸಿ ಕೇಳುತ್ತಾರೆ, "ಅಪೊಲೋನಿಯಾ, ಗಂಟೆಗೆ ಕಟ್ಟಿರೋ ಮೇಲಿನ ಅರ್ಧ ಯಾರದ್ದಮ್ಮ?"

"ನಿಮ್ದೇ ಯಜಮಾನ್ರೇ. ಸ್ವರ್ಗಕ್ಕೆ ಹತ್ರ."

ಅವರು ಮೀಸೆಯಲ್ಲೇ ನಕ್ಕು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಬ್ರೆಂಡ್ಲೆ ಯಜಮಾನರು ಬರುತ್ತಾರೆ, ಅದೇ ಪ್ರಶ್ನೆ ಕೇಳುತ್ತಾರೆ. "ನಿಮ್ದೇ ಯಜಮಾನ್ರೇ," ಎಂದು ಅತ್ತೆ ಅವರಿಗೂ ಹೇಳುತ್ತಾರೆ. ಅವರೂ ತೃಪ್ತರಾಗಿ ಊಟಕ್ಕೆ ಹೋಗುತ್ತಾರೆ. ಇಬ್ಬರಲ್ಲೊಬ್ಬರೂ ಆ ಭುಜ ಹೇಗಿದೆ ಎಂದು ಕೇಳಲಿಲ್ಲ.

ನಿಜವಾಗಿ ಯಾರದ್ದು ಮೇಲಿದೆ ಎಂದು ನಾನೂ ಕೇಳಿದೆ. ತಪ್ಪೇ ಅನ್ನಿ, ನಾನೂ ಇದೇ ಊರಿನವನು.

ಮಧ್ಯಾಹ್ನದ ಗಂಟೆಯ ಹೊತ್ತಾಗಿದೆ. ಅತ್ತೆ ಕಾಲುಚೀಲ ಕೈಗೆ ಏರಿಸಿ ಹಗ್ಗ ಹಿಡಿಯುತ್ತಾರೆ. ಮೈಭಾರ ಬಿಟ್ಟು ಜಗ್ಗುತ್ತಾರೆ. ಗಂಟು ಹಲಗೆಯನ್ನು ಮುಟ್ಟದೆ ಇಳಿಯುತ್ತದೆ, ಏರುತ್ತದೆ. ಗಂಟೆ ಬಾಯಿ ತುಂಬಾ ನುಡಿಯುತ್ತದೆ, ಎರಡು ಬೀಗದ ಉತ್ತರದ ಬಾಗಿಲು ದಾಟಿ ಆಲಿಕಲ್ಲು ಮಲಗಿಸಿದ ಬಾರ್ಲಿ ಹೊಲಗಳವರೆಗೆ ಕೇಳುತ್ತದೆ. ಆ ಸದ್ದಿನ ನಡುವೆಯೇ ಅವರು ನನ್ನ ಕಡೆ ತಿರುಗಿ ಕೂಗುತ್ತಾರೆ:

"ಮೇಲೆ ಯಾರದ್ದಿದ್ರೆ ಏನ್ರೀ? ಕೆಳಗೆ ನಿಂತು ಎಳೆಯೋಳು ನಾನೇ ತಾನೆ!"