ಹೆಮ್ಮಿಗೆ ಕ್ಯಾಸೆಟ್ಟಿನ ಬಿ ಸೈಡ್

೧೯೯೮ರ ಜೂನ್‌ನಲ್ಲಿ, ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ ಬೆನ್ನಿಗೇ, ನಂಜನಗೂಡಿನ ಒಂದು ಸಮುದಾಯ ಕಲಾ ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್ ಆಗಿ ಸೇರಿದೆ. ಇಂಟರ್ನ್ ಎಂದರೇನೆಂದು ನನ್ನ ತಂದೆಗೆ ಕೊನೆಗೂ ಅರ್ಥ ಮಾಡಿಸಲಾಗಲಿಲ್ಲ. ಸಂಸ್ಥೆ ಹಳ್ಳಿಗಳಲ್ಲಿ ಬೀದಿನಾಟಕ ಆಡಿಸುತ್ತಿತ್ತು, ಶಾಲೆಗಳಲ್ಲಿ ಹಾಡು ಕಲಿಸುತ್ತಿತ್ತು. ನನ್ನ ಪಾಲಿಗೆ ಬಂದದ್ದು ಫೀಲ್ಡ್ ರೆಕಾರ್ಡಿಂಗ್, ಅಂದರೆ ಹಾಡುವ ಹೆಂಗಸರ ಊರಿಗೇ ಹೋಗಿ ಅವರ ಪದಗಳನ್ನು ಟೇಪ್ ಮಾಡಿ ತಂದು, ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸಿ ಬೀರುವಿನಲ್ಲಿಡುವುದು. ಚೀಟಿಯಲ್ಲಿ ಹೆಸರು, ಊರು, ದಿನಾಂಕ, ಕೊನೆಗೆ 'ಷರಾ' ಎಂಬ ಕಲಂ. ವಿಶೇಷವಾಗಿ ಹೇಳುವುದೇನಾದರೂ ಇದ್ದರೆ ಅಲ್ಲಿ ಬರೆಯಬೇಕು.

ಇಲ್ಲಿಂದ ಮುಂದೆ ಬರೆಯುವುದರಲ್ಲಿ ಬಹುಪಾಲು ನೆನಪಿನಿಂದ. ಆ ನೆನಪನ್ನು ನಾನೇ ಈಗ ಪೂರ್ತಿ ನಂಬುವುದಿಲ್ಲ.

ನಂಜನಗೂಡಿನಿಂದ ಹೆಮ್ಮಿಗೆಗೆ ಎರಡು ಬಸ್ಸು, ತಿ. ನರಸೀಪುರದಲ್ಲಿ ಇಳಿದು ಬದಲಿಸಬೇಕು. ಆ ಊರಿನ ಪುಟ್ಟಮಾದಮ್ಮ ಮದುವೆಯ ಸೋಬಾನೆ ಪದಗಳಿಗೆ ಹೆಸರಾದವರು. ಐವತ್ತು ದಾಟಿದ್ದರು. ಗದ್ದೆಯಲ್ಲಿ ಕೂಲಿಗೆ ನಿಂತಾಗ ಅವರು ಹತ್ತರಲ್ಲಿ ಒಬ್ಬರು. ಆದರೆ ಮದುವೆ ಗೊತ್ತಾದ ಮನೆಯವರು ಎಲೆಅಡಿಕೆ ಹಿಡಿದುಕೊಂಡು ಮೊದಲು ಬರುತ್ತಿದ್ದುದು ಅವರ ಬಾಗಿಲಿಗೆ. ಎಲೆಅಡಿಕೆ ಪಡೆದವರು ಚಪ್ಪರದಲ್ಲಿ ಮೊದಲ ಸೊಲ್ಲು ಎತ್ತಬೇಕು, ಉಳಿದ ಹೆಂಗಸರು ಹಿಂದೆ ಹೇಳಬೇಕು. ಹಿಂದೆ ಹೇಳುವವರಲ್ಲಿ ಅವರ ನಾದಿನಿ ಕೆಂಪಮ್ಮ ಮುಖ್ಯ. ಪುಟ್ಟಮಾದಮ್ಮನಿಗೆ ಊರಿನಲ್ಲಿದ್ದ ಆಸ್ತಿಯೆಂದರೆ ಆ ಎಲೆಅಡಿಕೆ.

ಮೂರು ಸಲ ಹೋಗಿ ಸೋಬಾನೆ ಪದಗಳನ್ನೆಲ್ಲ ತುಂಬಿಕೊಂಡೆ. ನಾಲ್ಕನೆಯ ಸಲ, ಸತ್ತವರ ಮುಂದೆ ಹೇಳಿಕೊಂಡು ಅಳುವ ಪದ ಬೇಕೆಂದೆ.

"ಅದ್ಯಾಕಪ್ಪ? ನಿಮ್ಮೊವ್ವ ಚೆಂದಾಗವ್ಳಾ?"

"ಚೆನ್ನಾಗಿದ್ದಾರೆ."

"ನಿಮ್ಮಪ್ಪ?"

"ಅವರೂ ಚೆನ್ನಾಗಿದ್ದಾರೆ ಅವ್ವ."

"ಮತ್ಯಾಕ್ ಕೇಳೀಯೆ?"

ಪಕ್ಕದಲ್ಲಿದ್ದ ಕೆಂಪಮ್ಮ ನಕ್ಕು, "ಓದ್ದೋರ್ಗೆ ಎಲ್ಲಾನೂ ಬೇಕು ಕಣಕ್ಕ, ಸಾವೂ ಬೇಕು" ಎಂದರು.

ನಾನು ಬಿಡಲಿಲ್ಲ. ಸಂಗ್ರಹ ಪೂರ್ತಿಯಾಗಬೇಕು, ಈಗ ಟೇಪ್ ಮಾಡದಿದ್ದರೆ ಈ ಪದ ನಿಮ್ಮ ಜೊತೆಗೇ ಹೋಗಿಬಿಡುತ್ತದೆ ಎಂದೆಲ್ಲ ಹೇಳಿದೆ. ತರಗತಿಯಲ್ಲಿ ಕಲಿತ ಮಾತು. ಒಬ್ಬರ ಮುಖದೆದುರು ಆಡಿದಾಗ ಅದು ಎಷ್ಟು ಒರಟಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಎದ್ದು, "ಮನೆವಳ್ಗೆ ಆಗಕಿಲ್ಲ. ಒಳೆ ತಾವ್ಕೆ ನಡಿ" ಎಂದರು.

ಅದಕ್ಕೆ ಅಲ್ಲಿ ಕಟ್ಟುನಿಟ್ಟಾದ ಕ್ರಮವಿತ್ತು. ಹೆಣದ ಮುಂದೆ ಆ ಪದ ಹೇಳಿದವರು ಹನ್ನೊಂದನೇ ದಿನದ ತಿಥಿ ಕಳೆಯುವ ತನಕ ಯಾವ ಮದುವೆ ಮನೆಯ ಎಲೆಅಡಿಕೆಯನ್ನೂ ಮುಟ್ಟುವುದಿಲ್ಲ. ಹೆಣವಿಲ್ಲದೆ ಆ ಪದ ಎತ್ತಿದರೆ ಸಾವನ್ನು ಕೂಗಿ ಕರೆದಂತೆ. ಹೊಳೆಯ ದಂಡೆಯಲ್ಲಿ, ಯಾರ ಕಿವಿಗೂ ಬೀಳದ ಕಡೆ ಹೇಳಿದರೆ ಹೊಳೆಯೇ ಕೊಂಡೊಯ್ಯುತ್ತದೆ ಎಂದು ಅವರೇ ಒಂದು ದಾರಿ ಮಾಡಿಕೊಂಡರು. ನನ್ನನ್ನು ಕೂರಿಸಿ, ನಾಲ್ಕು ಜನ ಇರುವ ಕಡೆ ಇದನ್ನು ಹಾಕಬಾರದು ಎಂದು ಷರತ್ತನ್ನೂ ಹೇಳಿದರು. ಪದ ಹೇಳಿ ಮುಗಿಸಿದ ಮೇಲೆ ಉಟ್ಟ ಸೀರೆಯಲ್ಲೇ ಮೂರು ಸಲ ಮುಳುಗಿ ಎದ್ದು, ನನಗೆ ಬೆನ್ನು ಹಾಕಿ ಮನೆಗೆ ನಡೆದರು. ಸೀರೆ ಹಸಿರು ಎಂದು ನನ್ನ ನೆನಪು. ಒದ್ದೆ ಸೀರೆ ಯಾವುದಾದರೂ ಗಾಢವಾಗಿ ಕಾಣುತ್ತದೆ.

ನವೆಂಬರಿನಲ್ಲಿ ಸಂಸ್ಥೆಯ ವಾರ್ಷಿಕ ಸಮಾರಂಭ ತಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಸಂಸ್ಥೆಗೆ ನೆರವು ಕೊಡುತ್ತಿದ್ದವರ ಕಡೆಯಿಂದ ಮೂವರು ಅತಿಥಿಗಳು ದೆಹಲಿಯಿಂದ ಬಂದಿದ್ದರು. ಹೆಮ್ಮಿಗೆಯ ಇಪ್ಪತ್ತು ಹೆಂಗಸರನ್ನು ಟೆಂಪೋ ಮಾಡಿ ಕರೆಸಲಾಗಿತ್ತು. ಪುಟ್ಟಮಾದಮ್ಮನಿಗೆ ಸನ್ಮಾನ, ಮೊದಲ ಸಾಲಿನಲ್ಲಿ ಕೂತಿದ್ದರು. ಮುಂದಿನ ವಾರ ಅವರ ಅಣ್ಣನ ಮೊಮ್ಮಗಳ ಮದುವೆ, ಎಲೆಅಡಿಕೆ ಆಗಲೇ ಮನೆ ಸೇರಿದೆ ಎಂದು ಟೆಂಪೋ ಇಳಿಯುತ್ತಲೇ ನನಗೆ ಹೇಳಿದ್ದರು.

ದೀಪ ಬೆಳಗುವಾಗ ಸ್ಪೀಕರಿನಿಂದ ಆ ಪದ ಬಂತು.

ನಮ್ಮ ಸಂಸ್ಥೆಯ ನಿರ್ದೇಶಕರು ಪಟ್ಟಣದಲ್ಲಿ ಬೆಳೆದವರು, ನಾಟಕದ ತರಬೇತಿ ಪಡೆದವರು. ಅವರು ಕೇಳಿದ್ದು ದನಿಯನ್ನು, ಮಾತನ್ನಲ್ಲ. ಬೀರುವಿನಲ್ಲಿದ್ದುದರಲ್ಲಿ ಅತ್ಯಂತ ಮನಕಲಕುವ ದನಿಯನ್ನು ಆರಿಸಿ, ಪದ ಶುರುವಾಗುವ ಜಾಗಕ್ಕೆ ಟೇಪ್ ಸರಿಮಾಡಿ ಇಟ್ಟಿದ್ದರು. ಒಂದು ಸೊಲ್ಲು ಮುಗಿಯುವುದರೊಳಗೆ ಹಿಂದಿನ ಸಾಲಿನಿಂದ ಯಾರೋ "ಯಾರ್ ಸತ್ರವ್ವ?" ಎಂದರು. ಹೆಮ್ಮಿಗೆಯ ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು. ಅತಿಥಿಗಳು ಅದನ್ನು ಗೌರವವೆಂದು ತಿಳಿದು ತಾವೂ ಎದ್ದರು, ಒಬ್ಬರು ಕೈಮುಗಿದರು. ನಿರ್ದೇಶಕರು ದನಿ ಇನ್ನೂ ಏರಿಸುವಂತೆ ಸನ್ನೆ ಮಾಡಿದರು. ನಾನು ಓಡಿಹೋಗಿ ಟೇಪ್ ನಿಲ್ಲಿಸಿದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಿಲ್ಲಿಸಿದ್ದರೆ ಹೆಂಗಸರೆಲ್ಲ ಬಾಗಿಲು ದಾಟುವವರೆಗೂ ಪದ ಕೇಳಿಸುತ್ತಿದ್ದುದು ಹೇಗೆ? ಪುಟ್ಟಮಾದಮ್ಮ ಮಾತ್ರ ಕೂತೇ ಇದ್ದರು. ಸ್ಪೀಕರಿನ ಕಡೆ ನೋಡುತ್ತಿದ್ದರು.

ಮದುವೆ ಕಳೆದ ಮೇಲೆ ಹೆಮ್ಮಿಗೆಗೆ ಹೋದೆ. ಅವರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು.

"ಮದ್ವೆ ಚೆಂದಾಗಾಯ್ತು. ಎಲೆಅಡಿಕೆ ಈಸ್ಕೊಂಡೋಗಿ ಕೆಂಪಿಗೆ ಕೊಟ್ರು. ನಾನು ಇತ್ಲಲ್ಲಿ ಕುಂತ್ಕಂಡು ಕೇಳ್ದೆ. ಮೂರ್ನೇ ಸೊಲ್ಲು ತಪ್ಪುದ್ಲು, ಮುಂಡೇದು" ಎಂದು ನಕ್ಕರು.

ಹನ್ನೊಂದು ದಿನ ಕಳೆದರೆ ಎಲ್ಲ ಸರಿಹೋಗುತ್ತದಲ್ಲವೇ ಎಂದು ಕೇಳಿದೆ.

"ಯಾರೂ ಸತ್ತಿಲ್ವಲ್ಲ ಮೊಗ. ಯಾವತ್ತಿಂದ ಎಣುಸೀಯೆ?"

ಸಾವಿದ್ದರೆ ಸೂತಕಕ್ಕೆ ಕೊನೆಯಿದೆ. ಸಾವೇ ಇಲ್ಲದ ಸೂತಕ ತೀರುವುದು ಯಾವಾಗ? ಅದು ತೀರಲೂ ಇಲ್ಲ. ಆಮೇಲೆ ಯಾವ ಮದುವೆಯ ಎಲೆಅಡಿಕೆಯೂ ಅವರ ಬಾಗಿಲಿಗೆ ಬರಲಿಲ್ಲವೆಂದು ಕೇಳಿದೆ.

ಹೊರಡುವಾಗ ಅವರು ಕೇಳಿದರು: "ನೀನು ಏಳಿದ್ದೆ ತಾನೆ ಅವ್ರ್ಗೆ, ಆಕ್ಬ್ಯಾಡಿ ಅಂತ?"

"ಹೇಳಿದ್ದೆ ಅವ್ವ."

"ಅಂಗಾರೆ ನಿಂದೇನೈತೆ, ಬುಡು." ನನ್ನ ಚೀಲಕ್ಕೆ ಎರಡು ಬೊಗಸೆ ಅವರೆಕಾಯಿ ಸುರಿದರು.

ನಾನು ಸುಳ್ಳು ಹೇಳಲಿಲ್ಲ. ಹೇಳಿದ್ದೇನೆಂದೇ ನಂಬಿದ್ದೆ. ಇವತ್ತಿಗೂ ಆ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ: ನಿರ್ದೇಶಕರ ಮೇಜಿನ ಮುಂದೆ ನಿಂತು, "ಸರ್, ಇದನ್ನ ಎಲ್ಲೂ ಹಾಕೋ ಹಾಗಿಲ್ಲ" ಎನ್ನುತ್ತಿದ್ದೇನೆ. ಅವರು ತಲೆಯಾಡಿಸುತ್ತಾರೆ. ಮೇಲೆ ಫ್ಯಾನ್ ತಿರುಗುತ್ತಿದೆ.

ಸಂಸ್ಥೆಯ ವರದಿಯಲ್ಲಿ ಆ ಸಮಾರಂಭದ ಬಗ್ಗೆ 'ಸಮುದಾಯದ ಭಾವಪೂರ್ಣ ಸ್ಪಂದನೆ' ಎಂದು ಅಚ್ಚಾಯಿತು. ನನಗೆ ಒಳ್ಳೆಯ ಪ್ರಮಾಣಪತ್ರ ಸಿಕ್ಕಿತು. ಅದರ ಬಲದಿಂದ ಮೈಸೂರಿನ ಒಂದು ಧ್ವನಿ ಸಂಗ್ರಹಾಲಯದಲ್ಲಿ ಕೆಲಸವೂ ಸಿಕ್ಕಿತು.

೨೦೦೭ರಲ್ಲಿ ಆ ಕಲಾ ಸಂಸ್ಥೆ ಮುಚ್ಚಿತು. ಅದರ ಕ್ಯಾಸೆಟ್ಟುಗಳು ಡಿಜಿಟೈಸ್ ಮಾಡಲು, ಎಂದರೆ ಕಂಪ್ಯೂಟರಿಗೆ ಇಳಿಸಲು, ರಟ್ಟಿನ ಡಬ್ಬಗಳಲ್ಲಿ ನನ್ನ ಮೇಜಿಗೇ ಬಂದವು. ಜೊತೆಗಿದ್ದ ಒಂದು ಫೋಟೋದಲ್ಲಿ ನಿರ್ದೇಶಕರ ಕೋಣೆ ಇತ್ತು. ತಗಡಿನ ಸೂರು. ಫ್ಯಾನ್ ಇರಲಿಲ್ಲ. ಫ್ಯಾನ್ ತಪ್ಪಾಗಿ ನೆನಪಿರಬಹುದು, ಮಾತು ಆಡಿದ್ದು ನಿಜವೇ ಎಂದು ಸಮಾಧಾನ ಮಾಡಿಕೊಂಡು ಹೆಮ್ಮಿಗೆಯ ಕ್ಯಾಸೆಟ್ ಹುಡುಕಿದೆ. ಬಿ ಸೈಡಿನ ಚೀಟಿಯ ಷರಾ ಕಲಮಿನಲ್ಲಿ ನನ್ನದೇ ಅಕ್ಷರ: 'ಅಪರೂಪದ ದನಿ. ಕಾರ್ಯಕ್ರಮಕ್ಕೆ ಬಳಸಬಹುದು.'

ಟೇಪ್ ಹಾಕಿದೆ. ಪದಕ್ಕೂ ಮೊದಲು ಹೊಳೆಯ ಸದ್ದು, ಅದರ ಮೇಲೆ ಪುಟ್ಟಮಾದಮ್ಮನ ಮಾತು: "ನೋಡ್ ಮೊಗ, ನಾಕ್ ಜನ ಇರೋ ತಾವು ಇದ ಆಕ್ಬ್ಯಾಡ. ನನ್ ಎಲೆಅಡಿಕೆ ಓಯ್ತದೆ." ಆಮೇಲೆ ಅವಸರದ ಎಳೆಯ ದನಿಯೊಂದು: "ಆಯ್ತು ಅವ್ವ, ಆಯ್ತು. ಶುರು ಮಾಡಿ, ಟೇಪು ಓಡ್ತಾ ಇದೆ."

ಅಂದಿನಿಂದ ನಮ್ಮ ಸಂಗ್ರಹಾಲಯದಲ್ಲಿ ಹಾಡುವವರ ಷರತ್ತನ್ನು ಬರೆದುಕೊಂಡು, ಅವರಿಗೇ ಓದಿಹೇಳಿದ ಮೇಲೆಯೇ ಯಂತ್ರ ಚಾಲೂ ಮಾಡಬೇಕು. ಹೊಸದಾಗಿ ಬರುವ ಇಂಟರ್ನ್‌ಗಳು ಇದನ್ನು ಗುಮಾಸ್ತನ ಕಿರಿಕಿರಿ ಎನ್ನುತ್ತಾರೆ. ನಾನು ವಾದಿಸುವುದಿಲ್ಲ. ಮನುಷ್ಯನ ನೆನಪು ಅವನ ಪರವಾಗಿಯೇ ಸಾಕ್ಷಿ ಹೇಳುತ್ತದೆಂದು ಈ ವೃತ್ತಿ ನನಗೆ ಕಲಿಸಿತು. ಆದ್ದರಿಂದ ಚೀಟಿ ಬೇಕು.

ಪುಟ್ಟಮಾದಮ್ಮ ಇನ್ನೂ ಇದ್ದಾರೆಂದು ಆ ಕಡೆಯ ಒಬ್ಬರು ಹೇಳಿದರು. ನಾನು ಹೇಳಿದ್ದೆ, ನಿರ್ದೇಶಕರು ಕೇಳಲಿಲ್ಲ ಎಂದೇ ಅವರು ಈಗಲೂ ನಂಬಿರಬೇಕು. ಮೈಸೂರಿನಿಂದಲೂ ಹೆಮ್ಮಿಗೆಗೆ ಎರಡೇ ಬಸ್ಸು. ನಾನು ಹೋಗಿಲ್ಲ.