ಮಂತ್ರಕ್ಕೆ ಐದು ದರ್ಜೆ

ತೆಲಂಗಾಣದ ಗಡಿಯೂರು ಮಕ್ತಲ್‌ನಲ್ಲಿ ನಾರಾಯಣಪೇಟೆ ರಸ್ತೆಗೆ ತಿರುಗುವ ಕಡೆ ಝಾನ್ಸಿ ಮತ್ತು ಅವಳ ಗಂಡ ಬಾಲರಾಜ ನಡೆಸುವ ಫ್ಲೆಕ್ಸ್ ಅಂಗಡಿ ಇದೆ. ಬಾಲರಾಜ ಯಂತ್ರ ನೋಡಿಕೊಳ್ಳುತ್ತಾನೆ, ಬ್ಯಾನರಿಗೆ ಚೌಕಟ್ಟು ಬಡಿಯುತ್ತಾನೆ. ಕಂಪ್ಯೂಟರಿನ ಮುಂದೆ ಕೂರುವವಳು ಝಾನ್ಸಿ. ಹುಟ್ಟುಹಬ್ಬವಿರಲಿ, ಸ್ವಾಗತವಿರಲಿ, ಅವಳ ತಲೆ ತಿನ್ನುವ ವಿಷಯ ಒಂದೇ. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕದಲ್ಲಿ ಇರಬೇಕು.

"ಅಕ್ಕಾ, ಅಯ್ಯಣ್ಣನ ಮಾರಿ ನನ್ನ ಮಾರಿಗಿಂತ ದೊಡ್ಡದೈತಲ್ಲ?" ಎಂದು ಎಂಕಪ್ಪನೆಂಬ ಪುಢಾರಿ ಒಂದು ಬೆಳಿಗ್ಗೆ ಪರದೆಯ ಮೇಲೆ ಬೆರಳಿಟ್ಟ.

"ಅವ್ರು ಅಧ್ಯಕ್ಷರು ಅಂತ ನೀವೇ ಹೇಳಿದ್ರಿ."

"ಮಾಜಿ ಅಧ್ಯಕ್ಷ. ನಾ ಈಗಿನ ಕಾರ್ಯದರ್ಶಿ."

ಝಾನ್ಸಿ ಅವನ ಮುಖವನ್ನು ಹಿಗ್ಗಿಸಿದಳು. ಮಧ್ಯಾಹ್ನ ಅಯ್ಯಣ್ಣನ ಕಡೆಯವರು ಬಂದು ಜಗಳ ತೆಗೆದರು. ದಿನವೂ ಇದೇ.

ಇಂಥ ಕೆಲಸದಿಂದ ಬೇಸತ್ತವಳು ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ತಾನಾಗಿಯೇ ಮೇಲು ಕೀಳಿನ ಮೆಟ್ಟಿಲು ಕಟ್ಟುತ್ತಿದ್ದಳು ಎಂದರೆ ನಂಬುವುದು ಕಷ್ಟ. ಮದುವೆಗೆ ಮುಂಚೆ ಹೈದರಾಬಾದಿನ ಒಂದು ಜಾಹೀರಾತು ಕಚೇರಿಯಲ್ಲಿದ್ದಾಗ ಅವಳಿಗೆ ಒಂದು ಆಟದ ರುಚಿ ಹತ್ತಿತ್ತು. ಮೇಜಿನ ಸುತ್ತ ನಾಲ್ಕೈದು ಜನ ಕೂರಬೇಕು. ಒಬ್ಬರು ಕತೆ ಹೇಳುತ್ತ ಹೋಗಬೇಕು. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ದಾಳ ಒಲಿದರೆ ಕೆಲಸ ಆಯಿತು, ಇಲ್ಲವಾದರೆ ಇಲ್ಲ. ಅಲ್ಲಿ ಆಡುತ್ತಿದ್ದುದು ಇಂಗ್ಲಿಷಿನಲ್ಲಿ. ಮಕ್ತಲ್‌ಗೆ ಬಂದ ಮೇಲೆ ಝಾನ್ಸಿ ಊರಿನ ಮಾತಿನಲ್ಲಿ ತನ್ನದೇ ಆಟ ಕಟ್ಟತೊಡಗಿದಳು. ಕರಿಹೊಳೆ ಎಂಬ ನದಿ, ಅದರ ನಡುಗಡ್ಡೆಯಲ್ಲಿ ಆಡುವವರು ಮುಟ್ಟಬೇಕಾದ ಒಂದು ಕೋಟೆ, ದಂಡೆಯ ಊರುಗಳಲ್ಲಿ ಮಂತ್ರ ಕಲಿತವರು.

ಆ ಮಂತ್ರಕ್ಕೆ ಅವಳು ಐದು ದರ್ಜೆ ಮಾಡಿದಳು. ಹೆಸರು ಹುಡುಕಲು ದೂರ ಹೋಗಲಿಲ್ಲ. ನಿಜಾಮರ ಕಾಲದ ಅಧಿಕಾರಿಗಳ ಹೆಸರುಗಳನ್ನು ಅಜ್ಜನ ಬಾಯಲ್ಲಿ ಕೇಳಿದ್ದಳು. ತಳದಲ್ಲಿ ಪಟ್ವಾರಿ, ಅದರ ಮೇಲೆ ಗಿರ್ದಾವರ, ತಹಶೀಲ್ದಾರ, ತಾಲ್ಲೂಕ್ದಾರ, ತುದಿಯಲ್ಲಿ ಸುಬೇದಾರ. ಪಟ್ವಾರಿ ದೀಪ ಹೊತ್ತಿಸಬಲ್ಲ, ಮುಚ್ಚಿದ ಬಾಗಿಲ ಹಿಂದೆ ಯಾರಿದ್ದಾರೆಂದು ಹೇಳಬಲ್ಲ. ಗಿರ್ದಾವರ ಜ್ವರ ಇಳಿಸಬಲ್ಲ. ಸುಬೇದಾರ ಹೊಳೆಯನ್ನೇ ನಿಲ್ಲಿಸಬಲ್ಲ. ಎಷ್ಟು ವಾರ ಆಡಿದರೆ ಅಷ್ಟು ಮೇಲಕ್ಕೆ ಏರಬಹುದು.

ಆಡಲು ಬರುತ್ತಿದ್ದವರು ಮೂವರು. ಎದುರಿನ ಮೆಡಿಕಲ್ ಅಂಗಡಿಯ ಚಂದ್ರಕಾಂತ್, ಮರಿಕಲ್ ಕಡೆ ನರ್ಸ್ ಕೆಲಸದಲ್ಲಿದ್ದ ಭಾಗ್ಯಜ್ಯೋತಿ, ಗದ್ವಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದ ಲಕ್ಷ್ಮಣ್. ಚಂದ್ರಕಾಂತ್ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತಿದ್ದ, ಒಂದು ವಾರವೂ ತಪ್ಪುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಅವನು ಸುಬೇದಾರನಾದ. ಲಕ್ಷ್ಮಣನಿಗೆ ರಜೆ ಯಾವ ವಾರ ಸಿಗುತ್ತದೋ ಗೊತ್ತಿರುತ್ತಿರಲಿಲ್ಲ. ಅವನು ಪಟ್ವಾರಿಯಾಗಿಯೇ ಉಳಿದ.

ಮಳೆಗಾಲದ ಒಂದು ಭಾನುವಾರ ಕತೆಯಲ್ಲಿ ಇವರ ದೋಣಿ ಕತ್ತಲಲ್ಲಿ ಸುಳಿಗೆ ಸಿಕ್ಕಿತು. ಲಕ್ಷ್ಮಣ್ ಬಹಳ ದಿನಗಳ ಮೇಲೆ ಬಂದಿದ್ದ, ಹುರುಪಿನಲ್ಲಿದ್ದ.

"ನಾ ದೀಪ ಹಚ್ತೀನಿ ಅಕ್ಕ. ಬಂಡಿಗಲ್ಲು ಎಲ್ಲೆಲ್ಲಿ ಅದಾವ ನೋಡಿ ದೋಣಿ ತಿರುಗಿಸ್ತೀನಿ" ಎಂದು ದಾಳ ಕೈಗೆ ತೆಗೆದುಕೊಂಡ.

"ದೀಪ ಯಾಕೋ ತಮ್ಮಾ?" ಎಂದ ಚಂದ್ರಕಾಂತ್. "ನಾ ಹೊಳಿನೇ ನಿಲ್ಲಿಸ್ತೀನಿ. ಎಲ್ರೂ ನಡ್ಕೊಂತ ಹೋಗೋಣು."

ನಿಯಮದ ಪ್ರಕಾರ ಅವನ ಮಾತು ಸರಿ. ಹೊಳೆ ನಿಂತಿತು, ಎಲ್ಲರೂ ನಡೆದು ದಾಟಿದರು. ಲಕ್ಷ್ಮಣ್ ದಾಳವನ್ನು ಮೇಜಿನ ಮೇಲಿಟ್ಟು ಮತ್ತೆ ಮುಟ್ಟಲಿಲ್ಲ. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ, "ಡ್ಯೂಟಿ ಐತಕ್ಕ" ಎನ್ನುತ್ತಿದ್ದ.

ತಪ್ಪು ತನ್ನ ನಿಯಮದ್ದು ಎಂದು ಝಾನ್ಸಿಗೆ ಗೊತ್ತಾಯಿತು. ತಿದ್ದಲು ಕೂತಳು. ದೊಡ್ಡ ಮಂತ್ರ ಹಾಕಿದವನಿಗೆ ಮೈ ಸುಡುವ ಜ್ವರ ಬರುತ್ತದೆ, ಕೆಲವು ದಿನ ಏಳಲಾಗುವುದಿಲ್ಲ ಎಂದು ಹೊಸದಾಗಿ ಬರೆದಳು. ಚಂದ್ರಕಾಂತ್ ಅದನ್ನು ಓದಿ ನಕ್ಕ. ಕತೆಯೊಳಗಿನ ಸಂತೆಯಲ್ಲಿ ಚೀಲ ತುಂಬ ಬೇರು ನಾರು ಕೊಂಡು, "ಜ್ವರಕ್ಕ ಔಷಧ ನನ್ನ ಹತ್ರ ಐತಲ್ರಿ" ಎಂದ. ಮಾರುವವನ ಬುದ್ಧಿ, ಆಟದಲ್ಲೂ ಬಿಡಲಿಲ್ಲ. ಔಷಧವನ್ನೇ ತೆಗೆದುಹಾಕುತ್ತೇನೆ ಎಂದರೆ ಭಾಗ್ಯಜ್ಯೋತಿ ಒಪ್ಪಲಿಲ್ಲ. ಝಾನ್ಸಿ ಆ ಹಾಳೆ ಹರಿದು ಎಸೆದಳು.

ಆ ದಿನಗಳಲ್ಲಿ ಗದ್ವಾಲದ ಒಂದು ಸೀರೆ ಅಂಗಡಿಗೆ ಬ್ಯಾನರ್ ಮುಟ್ಟಿಸುವ ಕೆಲಸ ಬಂತು. ಬಾಲರಾಜ ಹೊರಟಿದ್ದ, ಅವನನ್ನು ತಡೆದು ತಾನೇ ಹೋದಳು. ಕೆಲಸ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ಲಕ್ಷ್ಮಣ್ ಟಿಕೆಟ್ ಯಂತ್ರವನ್ನು ಕಂಕುಳಲ್ಲಿ ಒತ್ತಿಕೊಂಡು ಚಹಾ ಕುಡಿಯುತ್ತಿದ್ದ.

"ನೀವ್ಯಾಕ ಇಲ್ಲಿ ಅಕ್ಕ?"

"ನಿನ್ನ ಕರಿಯಾಕ ಬಂದೀನಿ. ಡ್ಯೂಟಿ ಅಂತ ಸುಳ್ಳು ಹೇಳಬ್ಯಾಡ. ಹೋದ ಐತ್ವಾರ ನೀನು ಮನ್ಯಾಗೇ ಇದ್ದಿ ಅಂತ ಭಾಗ್ಯಜ್ಯೋತಿ ಹೇಳ್ಯಾಳ."

ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ.

"ನಿನ್ನ ತಹಶೀಲ್ದಾರ್ ಮಾಡ್ತೀನಿ. ಸರಿ ಏನು? ಬಾ."

ಲಕ್ಷ್ಮಣನ ಮುಖ ಕೆಟ್ಟಿತು. "ಸಿಫಾರಸಿನ ಮ್ಯಾಲ ಏರಿಸ್ತೀರೇನಕ್ಕ? ಬ್ಯಾಡ. ಏರದಿದ್ದಕ್ಕ ನನಗ ಸಿಟ್ಟಿಲ್ಲ. ಆ ದಿನ ನಾ ಬರದಿದ್ರೂ ನಿಮ್ಮ ದೋಣಿ ದಂಡಿ ಮುಟ್ತಿತ್ತು. ಗದ್ವಾಲದಿಂದ ಅಷ್ಟು ದೂರ ಬಂದು ನಾ ಸುಮ್ನ ಕುಂತು ನೋಡಬೇಕೇನು?"

ಬಸ್ ಹೊರಡುವ ಹೊತ್ತಾಗಿತ್ತು. ಅವನು ಲೋಟ ಇಟ್ಟು ಹತ್ತಿಬಿಟ್ಟ.

ಹಿಂದಿರುಗುವ ದಾರಿಯುದ್ದಕ್ಕೂ ಝಾನ್ಸಿ ಕಿಟಕಿಯ ಪಕ್ಕ ಕೂತು ಅದನ್ನೇ ಯೋಚಿಸಿದಳು. ಮಕ್ತಲ್ ಬರುವ ಹೊತ್ತಿಗೆ ಹೊಸ ನಿಯಮ ಸಿದ್ಧವಾಗಿತ್ತು. ನೆಲ, ನೀರು, ಗುಡ್ಡ, ಯಾವುದರ ಮೇಲೆ ದೊಡ್ಡ ಮಂತ್ರ ಹಾಕಬೇಕಾದರೂ ಅದರ ಗುಟ್ಟಿನ ಹೆಸರು ಪಟ್ವಾರಿಗೆ ಮಾತ್ರ ಗೊತ್ತು. ಅವನು ಹೇಳದೆ ಸುಬೇದಾರನ ಮಂತ್ರ ಕೆಲಸ ಮಾಡದು. ಎಷ್ಟು ಸರಳ! ಇದು ಮೊದಲೇ ಯಾಕೆ ಹೊಳೆಯಲಿಲ್ಲವೆಂದು ತನ್ನ ಮೇಲೆಯೇ ರೇಗಿಕೊಂಡಳು. ಲಕ್ಷ್ಮಣನಿಗೆ ಫೋನಿನಲ್ಲಿ ಓದಿ ಹೇಳಿದಳು. ಅವನು ಬರುತ್ತೇನೆಂದ.

ಬಂದ. ಕತೆಯಲ್ಲಿ ಮತ್ತೆ ಕರಿಹೊಳೆ ಉಕ್ಕಿತು.

"ಹೊಳಿ ಹೆಸರು ಹೇಳಪ್ಪ, ನಿಲ್ಲಿಸ್ತೀನಿ" ಎಂದ ಚಂದ್ರಕಾಂತ್.

"ಅರ್ಜಿ ಹಾಕ್ರಿ" ಎಂದ ಲಕ್ಷ್ಮಣ್.

ಭಾಗ್ಯಜ್ಯೋತಿ ಬಿದ್ದು ಬಿದ್ದು ನಕ್ಕಳು. ಚಂದ್ರಕಾಂತನೂ ನಕ್ಕು, ಅರ್ಜಿ ಹಾಕಿದೆನೆಂದ. ಲಕ್ಷ್ಮಣ್ ಕೈಕಟ್ಟಿ, "ಈಗ ಊಟದ ಹೊತ್ತು. ನಾಳೆ ಬರ್ರಿ" ಎಂದ. ನಾಳೆ ಆಯಿತೆಂದರೆ, ಅರ್ಜಿಯಲ್ಲಿ ತಂದೆಯ ಹೆಸರು ತಪ್ಪಿದೆ ಎಂದ. ಕತೆಯಲ್ಲಿ ನೀರು ಊರೊಳಗೆ ನುಗ್ಗಿತು. ಅವನು ಹೆಸರು ಹೇಳಲಿಲ್ಲ. ಭಾಗ್ಯಜ್ಯೋತಿಯ ನಗು ಯಾವಾಗಲೋ ನಿಂತಿತ್ತು.

ಚಹಾ ತಂದ ಬಾಲರಾಜ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದ. "ಇಲ್ಲಿ ಆಟ ನಡದೈತೋ ಆಫೀಸ್ ನಡದೈತೋ?"

"ಝಾನ್ಸಿ, ನಾ ಒಂದು ವಾರಾನೂ ತಪ್ಪದ ಬಂದು ಸುಬೇದಾರ್ ಆಗೀನಿ. ಇವನ ಕಾಲು ಹಿಡಿಯಾಕಲ್ಲ" ಎಂದು ಚಂದ್ರಕಾಂತ್ ಎದ್ದ. "ನಾ ಬರಂಗಿಲ್ಲ ಇನ್ನ."

"ನಿಯಮ ಬರೆದಾಕಿ ಅಕ್ಕ. ನನ್ನ ಮ್ಯಾಲ ಯಾಕ ಸಿಟ್ಟು?" ಎಂದ ಲಕ್ಷ್ಮಣ್.

ಝಾನ್ಸಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ. "ಇವತ್ತಿಗೆ ಸಾಕು, ಎಲ್ರೂ ಹೋಗ್ರಿ" ಎಂದು ದಾಳಗಳನ್ನು ಡಬ್ಬಿಗೆ ಸುರಿದಳು.

ಅದಾದ ಮೇಲೆ ಕೆಲವು ಭಾನುವಾರ ಮೇಲಿನ ಕೋಣೆ ಖಾಲಿ ಇತ್ತು. ಅಂಗಡಿಯಲ್ಲಿ ಅವಳು ಗಿರಾಕಿಗಳ ಮೇಲೆ ಹರಿಹಾಯುವುದನ್ನು ನೋಡಿ ಬಾಲರಾಜ, "ದರ್ಜೆನೇ ತಗದುಬಿಡು. ಎಲ್ರೂ ಒಂದೇ ಅಂತ ಮಾಡು. ಯಾಕ ಈ ತ್ರಾಸು?" ಎಂದ.

"ಎಲ್ರೂ ಒಂದೇ ಆದ್ರ ಮುಂದಿನ ವಾರ ಯಾರೂ ಬರಂಗಿಲ್ರಿ. ಏರಬೇಕು ಅನ್ನೋ ಆಸಿ ಇರಬೇಕು. ಏರಿದವ ಕೆಳಗಿದ್ದವನ ಬಾಯಿ ಮುಚ್ಚಬಾರ್ದು. ಕೆಳಗ ಇದ್ದವ ಮ್ಯಾಲಿನವನ ಕುತ್ತಿಗಿ ಹಿಡಿಬಾರ್ದು. ಒಂದು ಸರಿ ಮಾಡಿದ್ರ ಇನ್ನೊಂದು ಕೆಡತೈತಿ."

"ಹಂಗಾದ್ರ ನನಗ ತಿಳಿಯಂಗಿಲ್ಲ" ಎಂದು ಅವನು ಸುತ್ತಿಗೆ ಎತ್ತಿಕೊಂಡು ಹೋದ.

ದಾರಿ ಕಂಡದ್ದು ಭಾಗ್ಯಜ್ಯೋತಿಯ ಗೊಣಗಾಟದಿಂದ. ಅವಳು ಆ ವರ್ಷ ಬಡ್ತಿ ಸಿಕ್ಕಿ ಸೂಪರ್‌ವೈಸರ್ ಆಗಿದ್ದಳು. ಒಂದು ಸಂಜೆ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿ, "ಸಾಕಾಗೈತಿ ಅಕ್ಕ. ಸೂಜಿ ಮುಟ್ಟಿ ಎಷ್ಟು ದಿನ ಆತೋ. ಬರೇ ಮೀಟಿಂಗು. ಮೊನ್ನೆ ಒಂದು ಕೂಸು ಅಳಾಕತ್ತಿತ್ತು, ನಾನೇ ಹಾಕ್ತೀನಿ ಅಂದ್ರ ಆ ಹೊಸ ಹುಡುಗಿ, ನೀವು ಕುಂದರ್ರಿ ಮೇಡಂ ಅಂದ್ಳು" ಎಂದಳು.

ಝಾನ್ಸಿ ಅವಳಿಗೆ ಸಮಾಧಾನದ ಮಾತು ಹೇಳುವುದನ್ನೂ ಮರೆತು ಒಳಗೆ ಹೋಗಿ ಬರೆಯಲು ಕೂತಳು. ಗುಟ್ಟಿನ ಹೆಸರಿನ ನಿಯಮವನ್ನು ಹೊಡೆದುಹಾಕಿದಳು. ಯಾರು ಬೇಕಾದರೂ ಯಾವಾಗ ಬೇಕಾದರೂ ಏರಬಹುದು, ಬೇಕಿದ್ದರೆ ತುದಿಗೇ ಹಾರಬಹುದು. ಆದರೆ ಬಿಟ್ಟುಬಂದ ಮೆಟ್ಟಿಲುಗಳ ಮಂತ್ರವೆಲ್ಲ ಮರೆತುಹೋಗುತ್ತದೆ. ಹೊಳೆ ನಿಲ್ಲಿಸಬಲ್ಲವನಿಗೆ ಜ್ವರ ಇಳಿಸಲು ಬರದು. ಹಿಂದಕ್ಕೆ ಇಳಿಯಲೂ ಆಗದು.

ಚಂದ್ರಕಾಂತನನ್ನು ಒಪ್ಪಿಸಲು ಅವಳು ಮೆಡಿಕಲ್ ಅಂಗಡಿಗೆ ಹಲವು ಸಲ ಹೋಗಬೇಕಾಯಿತು. ಹೊಸದಾಗಿ ಶುರು ಮಾಡುವಾಗ ಯಾವ ದರ್ಜೆ ಬೇಕೋ ಆರಿಸಿಕೊಳ್ಳಿ ಎಂದಾಗ ಅವನು ಗಿರ್ದಾವರನಾದ. ಜ್ವರದ ಮಂತ್ರ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಭಾಗ್ಯಜ್ಯೋತಿಯೂ ಅದೇ ದರ್ಜೆ ಆರಿಸಿಕೊಂಡಳು. ಲಕ್ಷ್ಮಣ್ ಪಟ್ವಾರಿಯಾಗಿಯೇ ಇರುತ್ತೇನೆಂದ. ವಾರಗಳು ಕಳೆದರೂ ಯಾರೂ ಏರಲಿಲ್ಲ. ಕೋಟೆಯ ಹತ್ತಿರಕ್ಕೂ ಹೋಗಲಾಗದೆ ಮೂವರೂ ದಂಡೆಯ ಊರುಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಸುತ್ತಿದರು.

"ಒಬ್ರಾದ್ರೂ ಏರ್ರಿ!" ಎಂದು ಝಾನ್ಸಿ ಮೇಜು ಕುಟ್ಟಿದಳು. "ಇಷ್ಟು ದಿನ ಏರಾಕ ಬಡದಾಡಿದ್ರಿ, ಈಗ ಯಾಕ ಕಲ್ಲಿನಗತೆ ಕುಂತೀರಿ?"

ಕೊನೆಗೆ ದಸರೆ ಮುಗಿದ ಮೇಲಿನ ಒಂದು ಭಾನುವಾರ ಅವಳು ಕತೆಯಲ್ಲಿ ಒಂದಿಡೀ ಊರನ್ನು ಪ್ರವಾಹಕ್ಕೆ ಒಡ್ಡಿದಳು. ಚಂದ್ರಕಾಂತ್ ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಉಜ್ಜಿದ. "ಎರಡೂ ಇಟ್ಕೊಳ್ಳಾಕ ಬರಂಗಿಲ್ಲೇನು?" ಎಂದು ಕೇಳಿದ. ಇಲ್ಲವೆಂದಳು. ಅವನು ಸುಬೇದಾರನಾಗಿ ನೀರು ನಿಲ್ಲಿಸಿದ. ಯಾವ ಮನೆಯಲ್ಲಿ ಜನ ಸಿಕ್ಕಿಬಿದ್ದಿದ್ದಾರೆಂದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಲಕ್ಷ್ಮಣ್ ಯಾರೂ ಕೇಳುವ ಮುಂಚೆಯೇ ಒಂದೊಂದು ಬಾಗಿಲಿಗೂ ಹೋಗಿ ಹೇಳಿದ. ಭಾಗ್ಯಜ್ಯೋತಿ ಜ್ವರ ಬಂದವರನ್ನು ನೋಡಿಕೊಂಡಳು. ಆ ಮಧ್ಯಾಹ್ನ ಯಾರೂ ಫೋನ್ ನೋಡಲಿಲ್ಲ.

ಸಂತೋಷ ಪಡಬೇಕಾದ ಝಾನ್ಸಿಗೆ ಅದಕ್ಕೂ ಬಿಡುವು ಸಿಗಲಿಲ್ಲ. ಮರುದಿನವೇ ಚಂದ್ರಕಾಂತ್ ಅಂಗಡಿಗೆ ಬಂದು ಜ್ವರದ ಮಂತ್ರವೊಂದನ್ನಾದರೂ ತಿರುಗಿ ಕೊಡಬೇಕೆಂದು ಗಂಟುಬಿದ್ದ. ಅವಳು ಕೊಡಲಿಲ್ಲ. ಅವನು ಮುನಿಸಿಕೊಂಡೇ ಭಾನುವಾರ ಬಂದು ಕೂರುತ್ತಾನೆ. ಲಕ್ಷ್ಮಣನೊಡನೆ ಕತೆಯೊಳಗೆ ಮಾತ್ರ ಮಾತಾಡುತ್ತಾನೆ, ಹೊರಗಿಲ್ಲ. ಇನ್ನು ಆಟದ ನಡುವಿನ ದರ್ಜೆ, ತಹಶೀಲ್ದಾರನ ಪಾಡು. ಏರುವವರೆಲ್ಲ ಅವನನ್ನು ದಾಟಿ ತುದಿಗೇ ಹಾರುತ್ತಾರೆ. ಸಣ್ಣ ಮಂತ್ರವೂ ಇಲ್ಲದ, ದೊಡ್ಡದೂ ಬಾರದ ಆ ದರ್ಜೆ ಯಾರಿಗೂ ಬೇಡವಾಗಿದೆ. ಅವನ ಕೈಗೆ ಯಾವ ಮಂತ್ರ ಕೊಡಬೇಕೆಂದು ಝಾನ್ಸಿಗೆ ಇನ್ನೂ ಹೊಳೆದಿಲ್ಲ. ಬರೆದದ್ದನ್ನೆಲ್ಲ ಹರಿದುಹಾಕುತ್ತಿದ್ದಾಳೆ.